ಅರ್ಥ ಹೇಳದ ಮೇಡಂ

ಇಂಗ್ಲಿಷ್ ಪದವೊಂದರ ಅರ್ಥ ಕೇಳಿದರೆ ವನಜಾಕ್ಷಿ ಮೇಡಂ ಬಲ ಅಂಗೈಯನ್ನು ಮುಂದಕ್ಕೆ ಚಾಚುತ್ತಿದ್ದರು, ಬಸ್ಸು ನಿಲ್ಲಿಸುವವರ ಹಾಗೆ. ಡಿಕ್ಷನರಿಗೆ ಕೈ ಹಾಕಿದವರಿಗೂ ಅದೇ ಅಂಗೈ. "ಇರು. ಮೊದಲು ಅದನ್ನ ಎಲ್ಲಾದ್ರೂ ಕಣ್ಣಾರೆ ನೋಡು. ಅರ್ಥ ಆಮೇಲೆ ತಾನಾಗೇ ಬರುತ್ತೆ."

ಅವರು ದಿನವೂ ನಂಜನಗೂಡಿನಿಂದ ತಿ. ನರಸೀಪುರದ ನಮ್ಮ ಕಾಲೇಜಿಗೆ ಬಂದು ಇಂಗ್ಲಿಷ್ ಕಲಿಸುತ್ತಿದ್ದರು. ತೊಂಬತ್ತರ ದಶಕದ ನಡುವೆ, ಹೆಮ್ಮಿಗೆ ಎಂಬ ಹಳ್ಳಿಯವಳಾದ ನಾನು ಪಿಯುಸಿ ವಿಜ್ಞಾನಕ್ಕೆ ಸೇರಿದ್ದೆ. ಹತ್ತನೆಯ ತರಗತಿವರೆಗೂ ಕನ್ನಡದಲ್ಲೇ ಓದಿದವಳಿಗೆ ಇಂಗ್ಲಿಷಿನ ಭೌತಶಾಸ್ತ್ರ ಪುಸ್ತಕದಲ್ಲಿ ಒಂದು ಪುಟ ದಾಟುವುದೂ ಆಗುತ್ತಿರಲಿಲ್ಲ. ತರಗತಿಯಲ್ಲಿ ಬಾಯಿ ಬಿಡದ ನಾನು ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ, ವಿಜ್ಞಾನ ಬಿಟ್ಟುಬಿಡುತ್ತೇನೆ ಎಂದು ಅವರಿಗೆ ಹೇಳಿದೆ.

"ಇವತ್ತು ಯಾವ ಪದ ತಡೀತು?"

"ಹೈಪಾಥಿಸಿಸ್, ಮೇಡಂ."

ಅವರು ಸೊಪ್ಪಿನ ಮಂಕರಿ ಇಟ್ಟುಕೊಂಡು ಕೂತಿದ್ದ ಅಜ್ಜಿಯತ್ತ ತಿರುಗಿದರು. "ಅಜ್ಜಿ, ನಂಜನಗೂಡು ಬಸ್ ಯಾಕೆ ಇನ್ನೂ ಬಂದಿಲ್ಲ?"

"ಟೈರು ಪಂಚರ್ ಆಗಿರ್ಬೇಕು ಕಣವ್ವ."

"ಪಂಚರ್ರೂ ಇಲ್ಲ, ಮಣ್ಣೂ ಇಲ್ಲ," ಎಂದ ಬೀಡಿ ಸೇದುತ್ತಿದ್ದವನೊಬ್ಬ. "ಡ್ರೈವರು ಓಟ್ಲಲ್ಲಿ ಟೀ ಕುಡೀತಾ ಕುಂತವ್ನೆ."

"ನೀನ್ ಕಂಡ್ಯೇನ್ಲಾ?" ಅಜ್ಜಿ ಗದರಿದಳು.

ಮೇಡಂ ನನ್ನತ್ತ ನೋಡಿದರು. "ಇಬ್ಬರ ಹತ್ರಾನೂ ಒಂದೊಂದು ಹೈಪಾಥಿಸಿಸ್ ಇದೆ. ಅಜ್ಜಿ ಕೇಳ್ತಿರೋದು ಎವಿಡೆನ್ಸ್."

ಬಸ್ಸು ಬಂತು. ಡ್ರೈವರನ ಮೊಣಕೈವರೆಗೂ ಗ್ರೀಸು. ಅಜ್ಜಿ ಕೇಸು ಗೆದ್ದವಳಂತೆ ಮಂಕರಿ ಎತ್ತಿಕೊಂಡಳು. ನಾನು ಮಾತ್ರ ಅಲ್ಲೇ ನಿಂತಿದ್ದೆ. ಬೆಳಗಿನಿಂದ ನನ್ನನ್ನು ಅಳುವಂತೆ ಮಾಡಿದ್ದ ಪದ ಸೊಪ್ಪಿನಜ್ಜಿಯ ಜಗಳದಲ್ಲಿ ಓಡಾಡುತ್ತಿತ್ತು. ಆಮೇಲೆ ಸಂಜೆಗೊಂದು ಪದವನ್ನು ಅವರು ಅದೇ ಬಸ್ ಸ್ಟ್ಯಾಂಡಿನಲ್ಲಿ ತೋರಿಸಿಕೊಟ್ಟರು. ನಾನು ವಿಜ್ಞಾನ ಬಿಡಲಿಲ್ಲ.

ಎಂ.ಎಸ್ಸಿ. ಮುಗಿಸಿದ ವರ್ಷ ನಂಜನಗೂಡಿನ ಅವರ ಮನೆಗೆ ಹೋದೆ. ಸ್ಟ್ರೋಕ್ ಆಗಿ ಮಾತು ಹೋಗಿತ್ತು, ಈಗ ಒಂದೊಂದೇ ಪದ ಮರಳುತ್ತಿದೆ ಎಂದು ಅವರ ತಂಗಿ ತಿಳಿಸಿದ್ದರು. ನಾನು ಹೇಳಿದ್ದ ಹೊತ್ತಿಗೆ ತಲುಪಿರಲಿಲ್ಲ. ಮೇಡಂ ನನ್ನನ್ನು ಕಂಡು ಏನೋ ಕೇಳಲು ತುಟಿ ಅಲುಗಿಸಿದರು.

"ನೀರಾ ಅಕ್ಕ? ಕಾಫಿ ಕೊಡ್ಲಾ?" ತಂಗಿ ಧಾವಂತದಿಂದ ಒಂದೊಂದೇ ಪದ ಮುಂದಿಟ್ಟರು.

ಅಂಗೈ ಮೇಲೆದ್ದಿತು. ಈ ಸಲ ಎಡಗೈಯದು.

ಮೇಡಂ ಏನು ಕೇಳುತ್ತಿದ್ದಾರೆಂದು ನನಗೆ ಹೊಳೆದಿತ್ತು. ಹೇಳಲಿಲ್ಲ, ಕಾದೆ.

"ಬಸ್ಸು... ಯಾಕೆ... ತಡ?"

"ಹೈಪಾಥಿಸಿಸ್ ಹೇಳ್ಲಾ ಮೇಡಂ, ಎವಿಡೆನ್ಸ್ ಹೇಳ್ಲಾ?"

ಕಣ್ಣು ಮುಚ್ಚಿ ಬಹಳ ಹೊತ್ತು ಹುಡುಕಿದರು.

"ಎರಡೂ."