ತಂತಿಯಿಲ್ಲದ ತಂಬೂರ

ಅರಬ್ಬರ ಮರಳುನಾಡಿನ ಹಮ್ರಿಯಾದಲ್ಲಿ ಒಬ್ಬ ಉಸ್ತಾದರು ಆಫ್ರಿಕಾದ ತಂಬೂರ ಮಾಡುತ್ತಿದ್ದರು: ಮರದ ಬೋಗುಣಿ, ಮೇಕೆಯ ಚರ್ಮ, ಕರುಳಿನ ತಂತಿ. ಹಸಿ ಮರ ಮುಟ್ಟುತ್ತಿರಲಿಲ್ಲ. “ತಾನಾಗಿ ಬಿದ್ದದ್ದು ಸಾಕು,” ಎನ್ನುತ್ತ ಉಳಿ ಬೀಸಿ ಗಾಳಿಯನ್ನೇ ಕೆತ್ತುತ್ತಿದ್ದರು.

ನಮ್ಮ ಮ್ಯಾನೇಜರ್ ಮಹಾಶಯರಿಗೆ ತಮ್ಮ ಕೋಣೆಯ ಗೋಡೆಗೊಂದು ತಂಬೂರ ಬೇಕಾಯಿತು. ಮರ ಬೀಳಲೆಂದು ಕಾಯುವುದು ಹುದ್ದೆಗೆ ಶೋಭಿಸದು. ಆಫೀಸಿನಂಗಳದ ಬೇವನ್ನೇ ಕಡಿಸಿ, ದಿಮ್ಮಿಯನ್ನು ನನ್ನ ಜೊತೆ ಕಳಿಸಿದರು.

ಉಸ್ತಾದರು ಒಸರುತ್ತಿದ್ದ ಅಂಟನ್ನು ಮುಟ್ಟಿದರು. “ಇದು ಬಿದ್ದದ್ದಾ?”

“ಬೀಳಿಸಿದ್ದು, ಉಸ್ತಾದ್.”

“ಈ ಊರಲ್ಲಿ ಯಾರಿಗಯ್ಯಾ ನೆರಳು ಜಾಸ್ತಿಯಾಗಿತ್ತು?” ಉಳಿಯನ್ನು ನೆಲಕ್ಕೆಸೆದರು. “ಖಲಾಸ್. ಇಟ್ಟು ಹೋಗು.”

ದಿಮ್ಮಿ ಒಣಗಿದ ಮೇಲೆ ತಂಬೂರವಾಯಿತು, ತಂತಿಯಿಲ್ಲದೆ. “ಕೊಂದ ಮರದ ಬಾಯಲ್ಲಿ ಹಾಡಿಸೋದು ನನ್ನ ಕೈಲಾಗಲ್ಲ ಅಂತ ನಿನ್ನ ಸಾಹೇಬರಿಗೆ ಹೇಳು.”

ಹೇಳಿದೆ.

“ತಂತಿ ಯಾಕ್ರೀ? ನಾವೇನು ನುಡಿಸ್ತೀವಾ?” ಎಂದರು ಮಹಾಶಯರು.

ಬೇವಿಲ್ಲದ ಅಂಗಳದ ಬಿಸಿಲು ಈಗ ನೇರವಾಗಿ ಆ ತಂಬೂರದ ಮೇಲೇ ಬೀಳುತ್ತದೆ. ಚರ್ಮ ಬಿರಿದೀತೆಂದು ಕಿಟಕಿಗೆ ಪರದೆ ಹಾಕಿಸಿದ್ದಾರೆ.