ಎರಡು ಬೆರಳಗಲದ ಅಂಚು

ಗಾಡಿ ಮುಟ್ಟುವ ಮೊದಲು ಅವಳು ಅಂಗಿಯನ್ನು ಹಿಂದುಮುಂದಾಗಿ ತೊಡುತ್ತಾಳೆ. ಗಂಡನ ಹಳೆಯ ತುಂಬುತೋಳಿನ ಅಂಗಿ, ಗುಂಡಿಗಳೆಲ್ಲ ಬೆನ್ನಿಗೆ. ಎದುರಿಗಿದ್ದರೆ ಬಗ್ಗಿದಾಗ ಬಣ್ಣಕ್ಕೆ ಗೀರು ಬೀಳುತ್ತದೆ. ಕೈಯಲ್ಲಿ ಬಳೆಯಿಲ್ಲ, ಬೆರಳಲ್ಲಿ ಉಂಗುರವಿಲ್ಲ, ಉಗುರನ್ನು ಬೆಳೆಯಲು ಬಿಟ್ಟವಳೇ ಅಲ್ಲ. ಇಷ್ಟು ಜೋಪಾನ ಮಾಡುವ ಹೆಂಗಸಿಗೆ ಊರವರು ಇಟ್ಟ ಹೆಸರು ಸುಡುಗೈ. ಊರವರು ಇಟ್ಟರು ಎನ್ನುವುದೂ ಸುಳ್ಳೇ. ಇಟ್ಟವನು ಒಬ್ಬನೇ, ಅವಳ ಗಂಡನ ಅಣ್ಣ. ಊರವರು ಅದನ್ನು ಹೊತ್ತು ತಿರುಗಿದರು, ಅಷ್ಟೆ.

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಆ ಭಾವನ ಶೆಡ್ಡಿನಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವವನು ಭಾವನೇ, ಪಾಲಿಶ್ ಮಾಡುವವಳು ಇವಳು. ಗಂಡ ತೀರಿಕೊಂಡು ಎಂಟು ತಿಂಗಳಾಗಿತ್ತು, ಮಗಳಿಗೆ ಆರು ವರ್ಷ. ಒಂದು ಕೆಂಪು ಕಾರಿನ ಬಾನೆಟ್ಟಿನ ಮೂಲೆಗೆ ಪಾಲಿಶ್ ಮೆಷಿನ್ ಇಟ್ಟಳು. ಸ್ಪಂಜು ಎರಡೇ ಸುತ್ತು ತಿರುಗಿದ್ದು, ಕೆಂಪು ಮಾಯವಾಗಿ ಕೆಳಗಿನ ಬೂದು ಪ್ರೈಮರ್ ಒಂದು ನಾಣ್ಯದಗಲ ಹೊರಗೆ ಬಂತು. ಈ ಕಸುಬಿನಲ್ಲಿ ಅದನ್ನು ಬಣ್ಣ ಸುಡುವುದು ಎನ್ನುತ್ತಾರೆ. ಎರಡು ಸುತ್ತಿಗೇ ಸುಡಬೇಕಾದರೆ ಅಲ್ಲಿ ಬಣ್ಣ ಇದ್ದದ್ದಾದರೂ ಎಷ್ಟು? ಅದನ್ನು ಅವಳು ಕೇಳುವ ಮೊದಲೇ ಭಾವ ಅವಳ ಮಣಿಕಟ್ಟು ಹಿಡಿದು ಮೇಲೆತ್ತಿದ. ಕಾರಿನ ಯಜಮಾನ ಎದುರಿಗಿದ್ದ, ಶೆಡ್ಡಿನವರೆಲ್ಲ ಸುತ್ತ ನಿಂತಿದ್ದರು.

"ನೋಡಿ ಸ್ವಾಮಿ, ಇದು ಸುಡುಗೈ. ನನ್ನ ಬಣ್ಣದ್ದು ಏನೂ ತಪ್ಪಿಲ್ಲ."

ಅವತ್ತೇ ಸಂಜೆ ಅವಳು ಶೆಡ್ಡಿನಿಂದ ಹೊರಗೆ. ಮುಂದಿನ ಎರಡು ವರ್ಷ ಯಾರೂ ಅವಳಿಗೆ ಒಂದು ಸ್ಕೂಟರ್ ಕೂಡ ಮುಟ್ಟಲು ಕೊಡಲಿಲ್ಲ. ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಮಸಿ ಹಿಡಿದ ಪಾತ್ರೆ ತಿಕ್ಕಿ ಮಗಳನ್ನು ಸಾಕಿದಳು. ಭಾವನಿಗೆ ಅಷ್ಟಕ್ಕೂ ಸಮಾಧಾನವಿಲ್ಲ. ನಾಲ್ಕು ಜನ ನೆಂಟರು ಸೇರಿದರೆ ಸಾಕು, ಅದನ್ನೇ ತಮಾಷೆ ಮಾಡಿ ಹೇಳುವನು. ಕೊನೆಗೆ ಅವಳ ಮಗಳ ಮದುವೆಯಲ್ಲೂ ಬಿಡಲಿಲ್ಲ. "ಅಳಿಯಂದಿರೇ, ನಿಮ್ಮ ಗಾಡಿ ಸ್ವಲ್ಪ ದೂರ ನಿಲ್ಸಿ, ನಿಮ್ಮ ಅತ್ತೇದು ಸುಡುಗೈ!" ಅಂದ. ಎಲ್ಲರೂ ನಕ್ಕರು, ಅಳಿಯನೂ ನಕ್ಕ. ಮಗಳ ಮುಖ ನೋಡಿ ಅವಳೂ ನಕ್ಕಳು. ಆ ನಗುವನ್ನು ನೆನೆದರೆ ಅವಳಿಗೆ ಇಂದಿಗೂ ಮೈಯೆಲ್ಲ ಉರಿಯುತ್ತದೆ.

ಈಗ ಅವಳದೇ ಒಂದು ಶೆಡ್ಡಿದೆ. ಎರಡು ಗಾಡಿ ನಿಲ್ಲುವಷ್ಟು ಜಾಗ, ಮೂರು ಕಡೆ ಗೋಡೆಗೆ ಉದ್ದಕ್ಕೂ ಟ್ಯೂಬ್‌ಲೈಟು. ಕೈಯಲ್ಲಿ ನಾಲ್ಕು ಕಾಸು ನಿಂತಾಗ ಅವಳು ಮೊದಲು ಕೊಂಡದ್ದು ಮೆಷಿನ್ನಲ್ಲ, ಬಣ್ಣದ ದಪ್ಪ ಅಳೆಯುವ ಪುಟ್ಟ ಮೀಟರು. ಅದನ್ನು ಇಟ್ಟು ನೋಡದೆ ಅವಳು ಯಾವ ಗಾಡಿಗೂ ಸ್ಪಂಜು ತಾಗಿಸಿಲ್ಲ, ಒಂದು ಅಂಚನ್ನೂ ಸುಟ್ಟಿಲ್ಲ. ದೂರದ ಊರುಗಳಿಂದ ಗಾಡಿ ಬರುತ್ತವೆ. ಬಂದುಹೋದವರು ಬೇರೆಯವರಿಗೆ ಹೇಳುವುದು ಮಾತ್ರ ಹೀಗೆ: "ಸುಡುಗೈ ಹತ್ರ ಕೊಡಿ, ಕನ್ನಡಿ ಥರ ಮಾಡ್ಕೊಡ್ತಾಳೆ." ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಅವಳ ಓರಗಿತ್ತಿ, ಎಂದರೆ ಭಾವನ ಹೆಂಡತಿ, ಶೆಡ್ಡಿನ ಬಾಗಿಲಲ್ಲಿ ಬಂದು ನಿಂತಳು. ನೀರು ಕುಡಿದಳು, ಸೆಖೆ ಎಂದಳು, ಮಗಳ ಕ್ಷೇಮ ಕೇಳಿದಳು. ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದಳು.

"ನಿಮ್ಮ ಭಾವ ದೊಡ್ಡ ರಸ್ತೇಲಿ ಹೊಸ ಶೆಡ್ ಮಾಡ್ತಿದಾರೆ ಕಣೆ. ನಮ್ಮ ಹಳೇ ಪಿಕಪ್ ಇದೆಯಲ್ಲ, ಅದಕ್ಕೆ ಹೊಸದಾಗಿ ಬಣ್ಣ ಹೊಡೆದಿದಾರೆ. ಕಡುನೀಲಿ. ಅದನ್ನ ಬಾಗಿಲಲ್ಲೇ ನಿಲ್ಲಿಸ್ಬೇಕಂತೆ, ಬಂದವರು ನೋಡಿ ಕೆಲಸ ಕೊಡ್ಲಿ ಅಂತ. ಆದ್ರೆ ಅವರಿಗೆ ಹೆಗಲು ಹಿಡ್ಕೊಂಡಿದೆ, ಮೆಷಿನ್ ಎತ್ತೋಕಾಗಲ್ಲ. ಬೇರೆ ಯಾರನ್ನೋ ಕರೆಸಿದ್ರು, ಅವನು ಒಂದು ಬಾಗಿಲ ತುಂಬಾ ಸುತ್ತು ಸುತ್ತು ಗೀರು ಹಾಕಿಟ್ಟು ಹೋದ."

"ಭಾವನೇ ಕಳಿಸಿದ್ರಾ ಅಕ್ಕ?"

"ಬಾಯಿಬಿಟ್ಟು ಹೇಳ್ತಾರಾ ಅವರು? ಹಳೇದನ್ನೆಲ್ಲ ಮನಸ್ಸಲ್ಲಿ ಇಟ್ಕೋಬೇಡ ಕಣೆ."

"ಬಣ್ಣ ಹೊಡೆದು ಎಷ್ಟು ದಿನ ಆಯ್ತು?"

"ಎರಡು ತಿಂಗಳ ಮೇಲಾಯ್ತು."

"ಹಾಗಾದ್ರೆ ಒಣಗಿದೆ. ತರಿಸಿ ಅಕ್ಕ."

ಇಷ್ಟು ಸುಲಭಕ್ಕೆ ಒಪ್ಪಿದಳಲ್ಲ ಎಂದು ಓರಗಿತ್ತಿ ಹಿಗ್ಗಿ ಹೋದಳು. ಇವಳು ಬಾಗಿಲು ಮುಂದೆ ಮಾಡಿ ಸ್ಟೂಲಿನ ಮೇಲೆ ಕುಳಿತಳು. ಹತ್ತೊಂಬತ್ತು ವರ್ಷ ಬೂದಿ ಮುಚ್ಚಿಕೊಂಡಿದ್ದ ಕೆಂಡ, ಗಾಳಿ ತಾನಾಗಿ ಬಂದಿತ್ತು. ಅವಳಿಗೆ ಮೊದಲು ಹೊಳೆದದ್ದು ಆ ಬಾನೆಟ್ಟನ್ನು ಮೂಲೆಯಿಂದ ಮೂಲೆಗೆ ಸುಟ್ಟು, ಬೂದು ಬಳಿದುಕೊಂಡ ಗಾಡಿಯನ್ನು ಅವನ ಬಾಗಿಲಿಗೆ ಬಿಟ್ಟು ಬರುವುದು. ಎಷ್ಟು ಚೆನ್ನಾಗಿರುತ್ತದೆ! ಹಾಗೆ ಮಾಡಿದರೆ ಅವನು ಏನು ಹೇಳುತ್ತಾನೆಂದೂ ಅವಳಿಗೆ ಗೊತ್ತಿತ್ತು. ನಾನು ಹೇಳಿರಲಿಲ್ಲವೇ, ಎನ್ನುತ್ತಾನೆ. ಸುಟ್ಟರೆ ಗೆಲ್ಲುವವನು ಅವನೇ. ಅವಳಿಗೆ ಬೇಕಾದದ್ದು ತನ್ನ ಕೈಯ ಹೆಸರು, ಅದೂ ಅವನ ಬಾಯಿಂದಲೇ.

ಮಾರನೆಯ ದಿನ ಪಿಕಪ್ ಬಂತು. ನಡೆಸಿಕೊಂಡು ಬಂದವನು ಗಾಡಿಗಳ ತಗ್ಗು ಎತ್ತುವ ಡೆಂಟಿಂಗ್ ಮೇಸ್ತ್ರಿ, ಭಾವನ ಶೆಡ್ಡಿನ ಹಳೇ ಹುಲಿ. ಕೆಂಪು ಕಾರಿನ ದಿನವೂ ಅಲ್ಲೇ ಇದ್ದವನು, ಬಾಯಿಗೆ ಬೀಗ ಹಾಕಿಕೊಂಡು. ಕೀಲಿ ಕೊಟ್ಟು, ಅವಳ ಮುಖ ನೋಡದೆ ಹೊರಟುಹೋದ.

ಬಣ್ಣದಲ್ಲಿ ಕೂತ ಧೂಳಿನ ಕಾಳು ತೆಗೆಯಲು ಭಾವ ಗಾಡಿಯ ಮೈಯೆಲ್ಲ ನೀರು ಹಾಕಿ ಉಜ್ಜುವ ನಯ ಮರಳುಕಾಗದ, ವಾಟರ್ ಪೇಪರ್, ಉಜ್ಜಿಸಿದ್ದ. ಹಾಗಾಗಿ ಕಡುನೀಲಿಯ ಮೇಲೆ ಉಸಿರು ಬಿಟ್ಟ ಕನ್ನಡಿಯ ಮಂಕು ಕವಿದಿತ್ತು. ಅವಳು ತೊಳೆದಳು, ಒರೆಸಿದಳು, ಮೀಟರ್ ತೆಗೆದಳು. ಬಾನೆಟ್ಟಿನ ನಡುವೆ ನೂರ ನಲವತ್ತು ಮೈಕ್ರಾನ್. ಬಾಗಿಲಿನ ನಡುವೆ ನೂರ ಮೂವತ್ತೈದು. ಒಳ್ಳೆಯ ದಪ್ಪ, ಇಲ್ಲವೆನ್ನುವಂತಿಲ್ಲ. ಆಮೇಲೆ ಅಂಚಿನ ಹತ್ತಿರ ಇಟ್ಟಳು. ಅರವತ್ತು. ಇನ್ನೊಂದು ಬದಿ, ಐವತ್ತೈದು. ಬಾಗಿಲು, ಹಿಂದಿನ ತೊಟ್ಟಿಯ ಪಕ್ಕ, ಎಲ್ಲಿ ಇಟ್ಟರೂ ಅಂಚಿಗೆ ಬಂದೊಡನೆ ಬಣ್ಣ ಅರ್ಧಕ್ಕಿಂತ ಕಡಿಮೆ.

ಆಗ ಅವಳಿಗೆ ಭಾವನ ಕೈ ಕಣ್ಣಿಗೆ ಕಟ್ಟಿತು. ಬಣ್ಣದ ಗನ್ನು ಅಂಚು ದಾಟಿದ ಮೇಲೆ ಬಿಡಬೇಕಾದ ಕುದುರೆಯನ್ನು, ಎಂದರೆ ಬೆರಳಿಂದ ಒತ್ತುವ ಕೀಲನ್ನು, ಅವನು ಅಂಚು ಬರುವ ಮೊದಲೇ ಬಿಟ್ಟು ಕೈ ತಿರುಗಿಸುತ್ತಿದ್ದ. "ಗಾಳಿಗೆ ಹೋಗೋ ಬಣ್ಣ ದಂಡ" ಎನ್ನುತ್ತಿದ್ದ. ಆ ಜಿಪುಣತನ ಹತ್ತೊಂಬತ್ತು ವರ್ಷದಲ್ಲಿ ಒಂದು ಕೂದಲಷ್ಟೂ ಬದಲಾಗಿರಲಿಲ್ಲ. ಅವಳು ಆ ಐವತ್ತೈದನ್ನು ಮತ್ತೆ ಮತ್ತೆ ನೋಡಿದಳು. ಮಗಳು ಹುಟ್ಟಿದ ದಿನ ಬಿಟ್ಟರೆ ಅವಳಿಗೆ ಅಷ್ಟು ಸಂತೋಷವಾದದ್ದು ಅವತ್ತೇ.

ಅಂಚಿಗೆ ಮೆಷಿನ್ ತಾಗದಿರಲೆಂದು ಟೇಪ್ ಅಂಟಿಸುವುದು ಈ ಕೆಲಸದ ಮೊದಲ ಪಾಠ. ಅವಳು ಬಾನೆಟ್ಟು, ಬಾಗಿಲು, ತೊಟ್ಟಿ, ಎಲ್ಲದರ ಸುತ್ತಲೂ ಎರಡು ಬೆರಳಗಲ ಟೇಪ್ ಅಂಟಿಸಿದಳು. ದಾರ ಹಿಡಿದಷ್ಟು ನೇರಕ್ಕೆ. ನಂತರ ಎರಡು ದಿನ ಕೆಲಸ ಮಾಡಿದಳು. ಮೊದಲು ಒರಟು ಪಾಲಿಶ್ ಮುಲಾಮು, ಮೇಲೆ ನಯದ್ದು, ಅದರ ಮೇಲೆ ಇನ್ನೂ ನಯದ್ದು. ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ, ಲೋಹ ಬಿಸಿಯಾಯಿತೇ ಎಂದು ಕೈಯ ಹಿಂಬದಿ ಇಟ್ಟು ನೋಡುತ್ತ. ಆ ಬಾಗಿಲಿನ ಗೀರುಗಳು ಒಂದೊಂದಾಗಿ ಕರಗಿದವು. ಕೊನೆಗೆ ಬಿಸಿಲು ಮಳೆ ಧೂಳಿಗೆ ಜಗ್ಗದ ಕೋಟಿಂಗ್ ಹಚ್ಚಿ ಒಣಗಲು ಬಿಟ್ಟಳು. ದ್ವೇಷಕ್ಕೆ ಮಾಡಿದ ಕೆಲಸ ಪ್ರೀತಿಗೆ ಮಾಡಿದ್ದಕ್ಕಿಂತ ಚೆನ್ನಾಗಿ ಬಂದಿತ್ತು. ಟೇಪ್ ಕಿತ್ತಳು. ಅದರ ಕೆಳಗಿನ ಮಂಕನ್ನು ಕೈಯಿಂದ ಉಜ್ಜಿ ತೆಗೆಯುವುದು ಎರಡನೇ ಪಾಠ. ಅದನ್ನು ಅವಳು ಬೇಕೆಂದೇ ಬಿಟ್ಟಳು.

ಹೊಸ ಶೆಡ್ಡು ತೆರೆಯುವ ದಿನ ಬೆಳಿಗ್ಗೆ ತಾನೇ ಪಿಕಪ್ ನಡೆಸಿಕೊಂಡು ಹೋಗಿ ಬಾಗಿಲೆದುರು ನಿಲ್ಲಿಸಿದಳು. ಗಿರಾಕಿಗಳು, ನೆಂಟರು, ಅಕ್ಕಪಕ್ಕದ ಮೆಕ್ಯಾನಿಕ್‌ಗಳು ಸೇರಿದ್ದರು. ಬಿಸಿಲು ಬಿದ್ದೊಡನೆ ಬಾನೆಟ್ಟಿನಲ್ಲಿ ಆಕಾಶ ಇಳಿಯಿತು, ಜನ ತಲೆ ಬಾಚಿಕೊಳ್ಳುವಷ್ಟು ಮುಖ ಕಂಡಿತು. ಅದರ ಸುತ್ತ, ಫೋಟೋಗೆ ಕಟ್ಟು ಹಾಕಿದ ಹಾಗೆ, ಎರಡು ಬೆರಳಗಲ ಮಂಕು ಅಂಚು.

"ಅಂಚು ಯಾಕೆ ಹೀಗಿದೆ?" ಎಂದು ಲಾರಿ ಮಾಲೀಕನೊಬ್ಬ ಕೇಳಿಯೇಬಿಟ್ಟ.

ಭಾವ ಹಲ್ಲು ಕಿರಿದು ಅವಳ ಕಡೆ ತಿರುಗಿದ. "ಏನಮ್ಮಾ ಇದು, ಅಂಚೆಲ್ಲ ಬಿಟ್ಟಿದೀಯಲ್ಲ?"

"ನಂದು ಸುಡುಗೈ ಅಲ್ವಾ ಭಾವ? ನೀವೇ ಹೇಳಿದ್ದು. ಅದಕ್ಕೇ ಅಂಚಿಗೆ ಕೈ ಇಡ್ಲಿಲ್ಲ. ನಿಮ್ಮ ಬಣ್ಣ ಕಾಪಾಡ್ದೆ."

ಒಬ್ಬಿಬ್ಬರು ನಕ್ಕರು. ಬಣ್ಣದ ದಪ್ಪ ನೀವೇ ಅಳೆದು ನೋಡಿ ಎಂದು ಅವಳು ಮೀಟರನ್ನು ಲಾರಿ ಮಾಲೀಕನ ಕೈಗೇ ಕೊಟ್ಟಳು. ಅವನು ನಡುವೆ ಇಟ್ಟು ಗಟ್ಟಿಯಾಗಿ ಓದಿದ, "ನೂರ ನಲವತ್ತು." ಅಂಚಿಗೆ ಇಟ್ಟ. "ಐವತ್ತೈದು. ಇದೇನ್ರೀ, ಅರ್ಧಾನೂ ಇಲ್ವಲ್ಲ?"

"ಮೀಟರ್ ಸರಿಯಿಲ್ಲ" ಎಂದ ಭಾವ. ಕುಣಿಯಲು ಬಾರದವನಿಗೆ ನೆಲ ಡೊಂಕು.

"ಮೀಟರ್ ಸರಿಯಾಗೇ ಇದೆ. ಆ ಕೆಂಪು ಕಾರಿಗೂ ಅಂಚು ಹೀಗೇ ಇತ್ತು" ಎಂದಿತು ಒಂದು ದನಿ. ಡೆಂಟಿಂಗ್ ಮೇಸ್ತ್ರಿ. ಹತ್ತೊಂಬತ್ತು ವರ್ಷ ತಡವಾಗಿ ಬೀಗ ತೆಗೆದಿದ್ದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಒಬ್ಬ. ಭಾವನ ಹೆಗಲು ನಿಜಕ್ಕೂ ನೋಯುತ್ತಿತ್ತು, ಆದರೂ ಅವನ ಕೈ ಅಲ್ಲಿಗೆ ಹೋದದ್ದಕ್ಕೆ ಜನ ಬೇರೆಯೇ ಅರ್ಥ ಮಾಡಿಕೊಂಡರು. ಅವನು ಅವಳ ಹತ್ತಿರ ಬಂದು ದನಿ ತಗ್ಗಿಸಿದ. "ಮರ್ಯಾದೆ ಕಳೀಬೇಡ. ಅಂಚು ಮುಗಿಸ್ಕೊಡು, ಸಂಜೆ ಮನೇಲಿ ಕೂತು ಮಾತಾಡೋಣ."

"ಅವತ್ತು ಎಲ್ಲರೆದುರು ನನ್ನ ಕೈ ಎತ್ತಿ ತೋರಿಸಿದ್ರಿ. ಇವತ್ತು ಎಲ್ಲರೆದುರೇ ಹೇಳಿ. ಆಮೇಲೆ ಮುಗಿಸ್ತೀನಿ."

ಲಾರಿ ಮಾಲೀಕ ಆಗಲೇ ತನ್ನ ಗಾಡಿಯ ಕಡೆ ಒಂದು ಹೆಜ್ಜೆ ಇಟ್ಟಿದ್ದ. ಭಾವ ಅದನ್ನು ನೋಡಿ ಬಾಯಿಬಿಟ್ಟ. "ಆ ಕೆಂಪು ಕಾರಿನ ಅಂಚಿಗೆ ನಾನೇ ಬಣ್ಣ ಕಮ್ಮಿ ಹೊಡೆದಿದ್ದೆ. ಇವಳದ್ದು ತಪ್ಪಿರಲಿಲ್ಲ."

"ನಿಮಗೆ ಯಾವಾಗ ಗೊತ್ತಾಯ್ತು?"

"ಬಿಡಮ್ಮ ಈಗ..."

"ಯಾವಾಗ ಭಾವ?"

"ಗೊತ್ತಿತ್ತು" ಎಂದ ಅವನು ನೆಲ ನೋಡಿಕೊಂಡು. "ನೀನು ಮೆಷಿನ್ ಇಡೋಕೆ ಮುಂಚೇನೇ ಗೊತ್ತಿತ್ತು."

ಈ ಮಾತು ಕೇಳಿದ ದಿನ ಹೊಟ್ಟೆ ತಣ್ಣಗಾಗುತ್ತದೆ ಎಂದು ಅವಳು ಇಷ್ಟು ವರ್ಷ ನಂಬಿದ್ದಳು. ಆಗಲಿಲ್ಲ. ಅವತ್ತು ಗಾಬರಿಯಲ್ಲಿ ಬಾಯಿಗೆ ಬಂದದ್ದು ಅಂದಿದ್ದಾನೆ ಎಂಬ ಒಂದು ಸಣ್ಣ ಅನುಮಾನವನ್ನಾದರೂ ಅವಳು ಅವನಿಗಾಗಿ ಉಳಿಸಿಕೊಂಡಿದ್ದಳು. ಅದೂ ಹೋಯಿತು. ಬೇಕೆಂದೇ, ಗೊತ್ತಿದ್ದೇ, ಅವನು ಆ ಕಾರನ್ನು ತಮ್ಮನ ಹೆಂಡತಿಯ ಕೈಗೆ ಕೊಟ್ಟಿದ್ದ.

ಅವಳು ಚೀಲದಿಂದ ಅಂಗಿ ತೆಗೆದು ಹಿಂದುಮುಂದಾಗಿ ತೊಟ್ಟಳು. ಬೆರಳಿಗೆ ಮೆತ್ತನೆ ಬಟ್ಟೆ ಸುತ್ತಿ, ಅಂಚುಗಳನ್ನು ಕೈಯಿಂದಲೇ ಉಜ್ಜತೊಡಗಿದಳು. ಮಧ್ಯಾಹ್ನದವರೆಗೂ ಉಜ್ಜಿದಳು. ಬಂದವರು ಶೆಡ್ಡು ನೋಡುವುದು ಬಿಟ್ಟು ಅವಳ ಕೈ ನೋಡುತ್ತ ನಿಂತರು. ಐವತ್ತೈದರ ಆ ತೆಳು ಬಣ್ಣ ಎಲ್ಲಿಯೂ ಸುಡಲಿಲ್ಲ, ಇಡೀ ಗಾಡಿ ಒಂದೇ ಕನ್ನಡಿಯಾದಂತೆ ಕಂಡಿತು. ಅಂಚಿಗೂ ಕೋಟಿಂಗ್ ಹಚ್ಚಿ ಅವಳು ಬಟ್ಟೆ ಮಡಿಸಿದಳು.

ಭಾವ ಸುತ್ತು ಹಾಕಿ ಬಂದು ಬಾನೆಟ್ಟಿನ ಬಲಮೂಲೆಯಲ್ಲಿ ನಿಂತ. ಅಲ್ಲಿ ಒಂದು ನಾಣ್ಯದಗಲ ಮಂಕು ಹಾಗೇ ಇತ್ತು.

"ಇಲ್ಲೊಂದು ಚೂರು ಉಳೀತು ನೋಡಮ್ಮ."

"ಉಳೀಲಿ ಭಾವ. ನಂಗೆ ಹತ್ತೊಂಬತ್ತು ವರ್ಷ ಉಳೀತು."

ಅದನ್ನು ತೆಗೆಯಬೇಕಾದರೆ ಕೋಟಿಂಗನ್ನು ಉಜ್ಜಿ ತೆಗೆದು, ಎಲ್ಲಿ ಸುಟ್ಟೀತೋ ಎಂಬ ಭಯದಲ್ಲೇ ಆ ತೆಳು ಮೂಲೆಯ ಮೇಲೆ ಅವನೇ ಕೈಯಿಡಬೇಕು. ಪಿಕಪ್ ಇವತ್ತಿಗೂ ಆ ಬಾಗಿಲಲ್ಲೇ ನಿಂತಿದೆ. ಬಂದ ಗಿರಾಕಿಗಳಲ್ಲಿ ಒಬ್ಬರಾದರೂ ಆ ಕಲೆ ಏನೆಂದು ಕೇಳುತ್ತಾರೆ, ಮೇಸ್ತ್ರಿ ಬಿಡಿಸಿ ಹೇಳುತ್ತಾನೆ. ಭಾವ ದಿನಾ ಬೆಳಿಗ್ಗೆ ಗಾಡಿಯ ಧೂಳು ತಾನೇ ಒರೆಸುತ್ತಾನಂತೆ. ಬಾನೆಟ್ಟಿನ ಆ ಮೂಲೆ ಹತ್ತಿರವಾದಂತೆ, ಹಳೇ ಚಾಳಿ, ಅಂಚು ಬರುವ ಮೊದಲೇ ಕೈ ತಿರುಗಿಸಿಬಿಡುತ್ತಾನಂತೆ.