ಕೆಳಗೈ ಎಸೆತಕ್ಕೆ ಲೆಕ್ಕವಿಲ್ಲ

ಮರ್ಲ್ ವೊಂಡ್ರಾ ಬಲಗೈಯನ್ನು ಭುಜಕ್ಕಿಂತ ಮೇಲೆ ಎತ್ತಲಾರದವನಾಗಿದ್ದ. ನೆಬ್ರಾಸ್ಕಾದ ನಮ್ಮ ಊರಿನಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಹುಡುಗನಾಗಿದ್ದಾಗ ಅವನು ಬೇಸ್‌ಬಾಲ್ ಎಸೆಯುತ್ತಿದ್ದ. ಅವನ ಅಪ್ಪ ಎಸೆಯಿಸುತ್ತಿದ್ದ ಎನ್ನುವುದು ಹೆಚ್ಚು ಸರಿ. ಮೀಸೆ ಮೂಡುವ ಮೊದಲೇ ಭುಜ ಸವೆದುಹೋಯಿತು. ಮುಂದೆ ಅವನು ಧಾನ್ಯದ ಗೋದಾಮಿಗೆ ಸೇರಿ, ಜೋಳದ ಲಾರಿಗಳನ್ನು ತೂಗುತ್ತ ಬದುಕು ಕಳೆದ.

ಮದುವೆಯಾಗಿ ಬಹಳ ವರ್ಷಗಳ ಮೇಲೆ ಡೀನಾ ಹುಟ್ಟಿದಳು. ಗಂಡು ಬೇಕಿತ್ತೇನೋ ಎಂದು ಯಾರಾದರೂ ಕೆಣಕಿದರೆ ಮರ್ಲ್ ಹೇಳುತ್ತಿದ್ದ: "ಹೆಣ್ಣಾಗಿದ್ದೇ ಒಳ್ಳೇದಾಯ್ತು. ಹುಡುಗೀರು ಸಾಫ್ಟ್‌ಬಾಲ್ ಆಡ್ತಾರೆ. ಕೈಯನ್ನ ಕೆಳಗಿಂದ ಬೀಸಿ ಎಸೆಯೋದು. ಭುಜಕ್ಕೆ ಏನೂ ಆಗಲ್ಲ."

ಅದು ಅವನೊಬ್ಬನ ಮಾತಲ್ಲ, ಊರಿನದು. ಚೆಂಡನ್ನು ಮೇಲಿನಿಂದ ಎಸೆಯುವುದು ದೇಹಕ್ಕೆ ಒಗ್ಗದ್ದು, ಕೆಳಗಿನಿಂದ ಎಸೆಯುವುದು ಸಹಜ ಎಂದು ನಮ್ಮವರು ನಂಬಿದ್ದರು. ಹುಡುಗರ ಆಟದಲ್ಲಿ ಎಸೆತಗಳಿಗೆ ಮಿತಿ ಬಂದಿತ್ತು. ಹುಡುಗಿಯರಿಗೆ ಮಿತಿಯೂ ಇರಲಿಲ್ಲ, ಎಣಿಸುವವರೂ ಇರಲಿಲ್ಲ. ನಾನು ಆ ಊರಿನ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವಳು. ಹುಡುಗಿಯ ಮೂಳೆ ಹುಡುಗನ ಮೂಳೆಗಿಂತ ಬೇರೆಯಲ್ಲ ಎಂದು ಕೇಳಿದವರಿಗೆಲ್ಲ ಹೇಳಿದ್ದೇನೆ. ಕೇಳಿದವರು ಕಡಿಮೆ.

ಎಸೆಯುವ ಹುಡುಗಿಯ ಅಪ್ಪನಿಗೆ ಒಂದು ಬಕೆಟ್ ಇರುವುದು ನಮ್ಮಲ್ಲಿ ವಾಡಿಕೆ. ಸಂಜೆ ಕೆಲಸ ಮುಗಿಸಿ ಬಂದು, ಹಿತ್ತಲಿನಲ್ಲಿ ಅದನ್ನು ಬೋರಲು ಹಾಕಿ ಕುಳಿತು, ಮಗಳ ಚೆಂಡು ಹಿಡಿಯಬೇಕು. ಮರ್ಲ್ ಎಡಗೈಯಲ್ಲಿ ಹಿಡಿಯುತ್ತಿದ್ದ. ಹೆಬ್ಬೆರಳು ಒಮ್ಮೆ ಮುರಿಯಿತು. ಪಟ್ಟಿ ಕಟ್ಟಿಕೊಂಡು ಮರುದಿನವೇ ಕುಳಿತ. ಹತ್ತರೊಳಗಿನವರ ಗುಂಪಿನಲ್ಲಿ ಡೀನಾಳ ಚೆಂಡಿಗೆ ಬ್ಯಾಟ್ ತಾಗಿಸುವವರು ಸಿಗುವುದೇ ಕಷ್ಟವಾಗಿತ್ತು.

ಹುಡುಗಿಯರನ್ನು ವಯಸ್ಸಿನಿಂದ ಗುಂಪು ಮಾಡುತ್ತಾರೆ: ಹತ್ತರೊಳಗೆ, ಹನ್ನೆರಡರೊಳಗೆ, ಹೀಗೆ. ಡಿಸೆಂಬರ್ ಕೊನೆಯ ದಿನ ಎಷ್ಟು ವಯಸ್ಸೋ ಅದೇ ಮುಂದಿನ ಇಡೀ ವರ್ಷದ ವಯಸ್ಸು. ಡೀನಾ ಹುಟ್ಟಿದ್ದು ಕ್ರಿಸ್ಮಸ್ ಆದ ಮೇಲೆ, ಹೊಸ ವರ್ಷಕ್ಕೆ ಮೊದಲು. ಅವಳ ತರಗತಿಯ ಗೆಳತಿಯರು ಹತ್ತರೊಳಗೆ ಉಳಿದರು. ಅವಳೊಬ್ಬಳು ಮೇಲಿನ ಗುಂಪಿಗೆ ಹೋಗಬೇಕಾಯಿತು. ಅಲ್ಲಿ ಚೆಂಡು ದೊಡ್ಡದು, ಎಸೆಯುವ ದೂರ ಐದು ಅಡಿ ಹೆಚ್ಚು. ಡೀನಾ ತರಗತಿಯಲ್ಲೇ ಕುಳ್ಳಿ.

ಆ ಗುಂಪಿನ ಕೋಚ್ ರಾಯ್ ಶಿಮೆಕ್. ಊರಿನ ಆಟದ ಸಮಿತಿಗೂ ಅವನೇ ಅಧ್ಯಕ್ಷ. ವಿನಾಯಿತಿ ಕೇಳಲು ಮರ್ಲ್ ಹೆಂಡತಿ ಆರ್ಲಿಸ್‌ಳನ್ನೂ ಕರೆದುಕೊಂಡು ಅವನ ಟ್ರ್ಯಾಕ್ಟರ್ ರಿಪೇರಿ ಅಂಗಡಿಗೆ ಹೋದ.

"ನಿಯಮ ನಾನು ಬರೆದಿದ್ದಲ್ಲ ಮರ್ಲ್," ಎಂದ ರಾಯ್. "ಆರ್ಲಿಸ್ ಇನ್ನೊಂದು ನಾಲ್ಕು ದಿನ ತಡ್ಕೊಂಡಿದ್ರೆ ಆಗ್ತಿತ್ತಪ್ಪ."

"ಹೊತ್ತಿದ್ದೋಳು ನಾನು ರಾಯ್. ನಿನ್ನ ಹೊಟ್ಟೆ ನೋಡಿದ್ರೆ ನೀನು ಇನ್ನೂ ತಡ್ಕೊಂಡೇ ಇದ್ದೀಯ," ಎಂದಳು ಆರ್ಲಿಸ್.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ರಾಯ್ ಕೂಡ ನಕ್ಕ. ವಿನಾಯಿತಿ ಮಾತ್ರ ಸಿಗಲಿಲ್ಲ. ಅವನಿಗೆ ಎಸೆಯುವವಳೊಬ್ಬಳು ಬೇಕಿತ್ತು. ಅವನ ಗುಂಪಿನಲ್ಲಿ ಬೇರೆ ಯಾರೂ ಇರಲಿಲ್ಲ.

ಆ ವಸಂತದಲ್ಲಿ ಡೀನಾ ದೂರ ಮುಟ್ಟಿಸಲು ಜಿಗಿಯತೊಡಗಿದಳು. ಎಸೆಯುವಾಗ ಹಿಂದಿನ ಕಾಲು ನೆಲ ಬಿಡಬಾರದು, ಎಳೆದುಕೊಂಡೇ ಬರಬೇಕು. ಬಿಟ್ಟರೆ ಎಸೆತ ತಪ್ಪು. ಅಷ್ಟು ಚಿಕ್ಕ ಹುಡುಗಿ ಎಂದು ಅಂಪೈರುಗಳು ಕಂಡರೂ ಕಾಣದಂತಿದ್ದರು. ಮರ್ಲ್ ಹಾಗೆ ಬಿಡುವವನಲ್ಲ.

"ಯಾರೂ ಹಿಡೀತಿಲ್ವಲ್ಲಪ್ಪ!" ಎಂದು ಡೀನಾ ಹಿತ್ತಲಿನಿಂದ ಕೂಗುವುದು ಬೇಲಿಯಾಚೆ ನಮ್ಮ ಮನೆಗೆ ಕೇಳುತ್ತಿತ್ತು.

"ನಾನು ಹಿಡಿದ್ನಲ್ಲ. ಮೋಸದ ಚೆಂಡು ನಮಗೆ ಬೇಡ ಮಗಳೇ. ಕಾಲು ಕೆಳಗೆ."

ಅವನು ಅವಳ ಹಿಂಗಾಲಿನ ಕೆಳಗೆ ಹಳೆಯ ಟವೆಲ್ ಮಡಿಸಿಟ್ಟ. ಎಸೆದಾಗ ಟವೆಲ್ ಕಾಲಿನೊಂದಿಗೆ ಎಳೆದುಕೊಂಡು ಬರಬೇಕು. ಹಿಂದೆ ಉಳಿದರೆ ಜಿಗಿದಳೆಂದು ಅರ್ಥ. ಒಂದು ತಿಂಗಳಲ್ಲಿ ಅವಳ ಎಸೆತ ಶುದ್ಧವಾಯಿತು. ಜಿಗಿತದಿಂದ ಬರುತ್ತಿದ್ದ ಬಲ ಈಗ ಎಲ್ಲಿಂದಲೋ ಬರಬೇಕಿತ್ತಲ್ಲ; ಅದು ಭುಜದಿಂದ ಬಂತು.

ಜುಲೈನಲ್ಲಿ ಜಿಲ್ಲಾ ಪಂದ್ಯಗಳು. ಎರಡು ದಿನ, ಬಿಸಿಲು, ಒಂದು ಆಟ ಮುಗಿದರೆ ಇನ್ನೊಂದು. ಎಲ್ಲದರಲ್ಲೂ ಎಸೆದವಳು ಡೀನಾ. ಪಕ್ಕದ ಮೈದಾನದಲ್ಲಿ ಹುಡುಗರು ಆಡುತ್ತಿದ್ದರು. ಅಲ್ಲೊಬ್ಬ ಹೆಂಗಸು ಕೈಯಲ್ಲಿ ಎಣಿಸುವ ಯಂತ್ರ ಹಿಡಿದು ಕುಳಿತಿದ್ದಳು. ಅವಳು ಕೈ ಎತ್ತಿದಾಗ ದಾಂಡಿಗನಂಥ ಹುಡುಗನೊಬ್ಬ ಗೊಣಗುತ್ತ ಮೈದಾನ ಬಿಟ್ಟು ಹೋದದ್ದನ್ನು ನಾನು ನೋಡಿದೆ. ನನ್ನ ಪಕ್ಕದಲ್ಲಿದ್ದ ಮರ್ಲ್ ಕೂಡ ನೋಡಿದ. "ಪಾಪ, ಮೇಲ್ಗೈ ಎಸೆತ," ಎಂದ.

ಎರಡನೆಯ ದಿನ ಮಧ್ಯಾಹ್ನ ಡೀನಾ ಕೈಯನ್ನು ಹೊಟ್ಟೆಗೆ ಆನಿಸಿಕೊಂಡು ಬೇಲಿಯ ಬಳಿ ಬಂದಳು.

"ಅಪ್ಪ, ಕೈ ನೋಯ್ತಿದೆ."

"ಎಲ್ಲಿ?"

"ಮೇಲೆ. ಒಳಗೆ."

"ಸುಸ್ತು ಅದು. ಕೆಳಗೈ ಎಸೆತ ಕಣೇ, ನೀರು ಚೆಲ್ಲಿದ ಹಾಗೆ. ಐಸ್ ಇಟ್ಕೋ, ಹೋಗತ್ತೆ."

"ಇನ್ನೊಂದೇ ಆಟ ಮರಿ," ಎಂದು ರಾಯ್ ಆ ಕಡೆಯಿಂದ ಕೂಗಿದ. "ಗೆದ್ರೆ ಐಸ್‌ಕ್ರೀಮ್ ನಂದು!"

"ನಿಂಗೇ ಬೇಕು ಅದು," ಎಂದಳು ಡೀನಾ. ಹುಡುಗಿಯರು ನಕ್ಕರು. ಅವಳು ಮೈದಾನಕ್ಕೆ ಹೋದಳು.

ಆ ಆಟದ ನಡುವೆ ಅವಳು ತೋಳು ಸುತ್ತಿ ಬೀಸಿದಾಗ ಚೆಂಡು ಕೈಯಿಂದ ಹೊರಡಲಿಲ್ಲ, ಕಾಲ ಬಳಿ ಬಿತ್ತು. ಯಾರೋ ನಕ್ಕರು. ಡೀನಾ ಚೆಂಡನ್ನು ಎತ್ತಿಕೊಳ್ಳಲಿಲ್ಲ. ಅಳಲೂ ಇಲ್ಲ, ಬೇಲಿಯ ಕಡೆ ತಿರುಗಿ ಅಪ್ಪನನ್ನು ಹುಡುಕಿದಳು.

ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಮೆತ್ತನೆಯ ಪದರವಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದ. ಅವಳ ಭುಜದಲ್ಲಿ ಅದು ಬಹಳ ದಿನಗಳಿಂದ ಸಡಿಲವಾಗುತ್ತ ಬಂದು ಅಂದು ಜಾರಿತ್ತು. ಎರಡು ದಿನದಲ್ಲಿ ಎಷ್ಟು ಸಲ ಎಸೆದಳು ಎಂದು ಡಾಕ್ಟರು ಕೇಳಿದರಂತೆ. "ಹುಡುಗೀರಿಗೆ ಎಣಿಸಲ್ಲ ಡಾಕ್ಟ್ರೇ," ಎಂದನಂತೆ ಮರ್ಲ್. ಆರ್ಲಿಸ್ ನನಗೆ ಹೇಳಿದ್ದು. ಶಸ್ತ್ರಚಿಕಿತ್ಸೆ ಆಯಿತು. ಆ ತೋಳು ಇನ್ನೊಂದರಷ್ಟು ಬೆಳೆಯಲಿಲ್ಲ. ಡೀನಾ ಮತ್ತೆ ಎಸೆಯಲಿಲ್ಲ.

ಚಳಿಗಾಲದ ಸಮಿತಿ ಸಭೆಯಲ್ಲಿ, ಎಂದೂ ಬಾಯಿ ತೆರೆಯದ ಮರ್ಲ್ ಎದ್ದು ನಿಂತು ಹುಡುಗಿಯರ ಎಸೆತವನ್ನೂ ಎಣಿಸಬೇಕೆಂದ. ಹಾಗಾದರೆ ಪ್ರತಿ ತಂಡಕ್ಕೂ ಎಸೆಯುವವರು ಇಬ್ಬರು ಮೂವರು ಬೇಕು, ಎಲ್ಲಿಂದ ತರೋಣ ಎಂದರು ಅಪ್ಪಂದಿರು. ರಾಯ್ ಮೆತ್ತಗೆ, "ನಿನ್ನ ದುಃಖ ನಮಗೆ ಗೊತ್ತು ಮರ್ಲ್. ಆದ್ರೆ ಇದು ಲಕ್ಷಕ್ಕೊಂದು," ಎಂದ. ಕೈ ಎತ್ತಿಸಿದಾಗ ಮರ್ಲ್‌ನ ಪರ ಮೂರು ಕೈ ಎದ್ದವು. ಅದರಲ್ಲೊಂದು ನನ್ನದು, ಅದರಿಂದ ಯಾರಿಗೂ ಪ್ರಯೋಜನವಾಗಲಿಲ್ಲ.

ವಿಚಿತ್ರವೆಂದರೆ ಜನ ಎಸೆಯಲು ಕಲಿಸೆಂದು ಮರ್ಲ್‌ನ ಬಳಿ ತಮ್ಮ ಹೆಣ್ಣುಮಕ್ಕಳನ್ನು ಕರೆತರತೊಡಗಿದರು. ಡೀನಾಳಷ್ಟು ಶುದ್ಧವಾಗಿ ಎಸೆಯಲು ಇನ್ನಾರು ಕಲಿಸಿಯಾರು? ಮಾರನೆಯ ಬೇಸಿಗೆಯಲ್ಲಿ ಒಬ್ಬ ತನ್ನ ಮಗಳೊಂದಿಗೆ ಬಂದ. ನಾನು ಅವರ ಅಡುಗೆಮನೆಯಲ್ಲಿ ಆರ್ಲಿಸ್‌ಳೊಂದಿಗೆ ಕೊಲಾಚಿ ಎಂಬ ಸಿಹಿ ಬನ್ನಿಗೆ ಹಿಟ್ಟು ನಾದುತ್ತಿದ್ದೆ. ಮರ್ಲ್ ಬಾಗಿಲಲ್ಲೇ ನಿಂತು, "ಮಗು ನೋವು ಅಂದ್ರೆ ಅಲ್ಲಿಗೇ ನಿಲ್ಲಿಸ್ತೀನಿ. ಆಟದ ಮಧ್ಯದಲ್ಲಾದ್ರೂ ಸರಿ, ನೀನು ಒಪ್ಕೋಬೇಕು," ಎಂದ.

"ಮಕ್ಕಳು ನೋವು ಅಂತಾನೇ ಇರ್ತಾರೆ ಕಣಯ್ಯ," ಎಂದು ಆ ಮನುಷ್ಯ ನಕ್ಕ. ಮರ್ಲ್ ಬಾಗಿಲು ಮುಚ್ಚಿದ.

ಡೀನಾ ಮೆಟ್ಟಿಲ ಮೇಲೆ ನಿಂತಿದ್ದಳು. ಯಾವಾಗಿನಿಂದಲೋ ತಿಳಿಯದು.

"ನಾನು ನೋವು ಅಂದಿದ್ದೆ ಅಲ್ವಾ ಅಪ್ಪ?"

ಆರ್ಲಿಸ್‌ಳ ಕೈ ಹಿಟ್ಟಿನಲ್ಲೇ ನಿಂತಿತು. ಎಷ್ಟೋ ಅಪ್ಪಂದಿರು ಈ ಪ್ರಶ್ನೆಗೆ ಮರೆವನ್ನು ಅಡ್ಡ ಹಿಡಿಯುತ್ತಾರೆ.

"ಅಂದಿದ್ದೆ," ಎಂದ ಮರ್ಲ್. "ನಂಗೆ ಕೇಳಿಸಿತ್ತು."

ಡೀನಾ ಮೇಲಕ್ಕೆ ಹೋದಳು. ಅಂದಿನಿಂದ ಆ ಮನೆಯಲ್ಲಿ ಅವಳು ಎಲ್ಲಿ ನೋಯುತ್ತದೆ ಎಂದು ಯಾರಿಗೂ ಹೇಳಲಿಲ್ಲ. ಜ್ವರ ಬಂದರೂ ಹೇಳುತ್ತಿರಲಿಲ್ಲ. ಮರ್ಲ್ ಸಾಯುವವರೆಗೂ ಅವಳ ಮುಖ ನೋಡಿಯೇ ತಿಳಿದುಕೊಳ್ಳಲು ಪ್ರಯತ್ನಿಸಿದ. ಅವನಿಗೆ ಅದು ಕೊನೆಗೂ ಬರಲಿಲ್ಲ.